ಬಸ್ಸಿನಲ್ಲಿ ಲಾಕ್ ಆಗಿರೋ ಫೋನ್ ಸಿಕ್ಕಿದೆ, ಚಾರ್ಜ್ 18% ಇದೆ. ವಾರಸುದಾರರಿಗೆ ಮುಟ್ಟಿಸೋದು ಹೇಗೆ?

ಗೋಕುಲ್ ರೋಡ್ | ಸಂಜೆ 5:12
ದಾವಣಗೆರಿಯಿಂದ ಹುಬ್ಬಳ್ಳಿಗೆ ಬಂದ ಬಸ್ಸಿನ್ಯಾಗ ಕಿಟಕಿ ಸೀಟು ಮತ್ತ ಬಾಡಿ ನಡುವಿನ ಸಂದ್ಯಾಗ ಒಂದು ಫೋನ್ ಸಿಕ್ಕೈತಿ. ಆಂಡ್ರಾಯ್ಡ್, ಪ್ಯಾಟರ್ನ್ ಲಾಕ್ ಐತಿ, ಸೈಲೆಂಟ್‌ನ್ಯಾಗ ಐತಿ, ಚಾರ್ಜ್ 18%. ಕಂಡಕ್ಟರ್ ಮೆಷಿನ್ ತಗೊಂಡು ಹೋಗ್ಬಿಟ್ಟಾರ, ಬಸ್ ಡಿಪೋ ಕಡೆ ಹೋತು. ಸಿಮ್ ತಗದು ಬ್ಯಾರೆ ಫೋನಿಗೆ ಹಾಕಿ ನಂಬರ್ ನೋಡ್ಲಿ ಏನು? ಇಲ್ಲಾ ಪೊಲೀಸರಿಗೆ ಕೊಡ್ಲಿ ಏನು? ಲಗೂನ ಹೇಳ್ರಿ.

ರಿಪೇರಿ ಟೇಬಲ್ | 5:15
ಸಿಮ್ ಮುಟ್ಟಬೇಡಿ. ಮೊದಲು ಚಾರ್ಜ್‌ಗೆ ಹಾಕಿ. ಉಳಿದದ್ದು ಆಮೇಲೆ.

ತುಂಗಾತೀರ | 5:16
ಸಿಮ್ ತೆಗೆದರೆ ಏನಾಗುತ್ತೆ? ನಂಬರ್ ಸಿಗುತ್ತಲ್ಲ, ಎರಡು ನಿಮಿಷದ ಕೆಲಸ.

ರಿಪೇರಿ ಟೇಬಲ್ | 5:24
ಏನಾಗುತ್ತೆ ಅಂತ ಹೇಳ್ತೀನಿ. ಕಳೆದುಕೊಂಡವರು ಈಗ ಪಕ್ಕದವರ ಫೋನಿಂದ ತಮ್ಮ ನಂಬರಿಗೆ ಮೇಲಿಂದ ಮೇಲೆ ಕರೆ ಮಾಡ್ತಿರ್ತಾರೆ. ಸಿಮ್ ಹೊರಗೆ ಬಂದ ಕ್ಷಣ ಅವರಿಗೆ ಕೇಳಿಸೋದು "ಸ್ವಿಚ್ ಆಫ್ ಆಗಿದೆ" ಅಂತ. ಕದ್ದವನೇ ಸಿಮ್ ಎಸೆದ ಅಂದುಕೊಂಡು ಸೀದಾ ಹೋಗಿ ಸಿಮ್ ಬ್ಲಾಕ್ ಮಾಡಿಸ್ತಾರೆ. ಆಮೇಲೆ ನೀವು ಸಿಮ್ ವಾಪಸ್ ಹಾಕಿದರೂ ಒಂದು ಕರೆ ಬರಲ್ಲ. ಡೇಟಾನೂ ಹೋಗೋದ್ರಿಂದ ಗೂಗಲ್‌ನಲ್ಲಿ ಫೋನ್ ಎಲ್ಲಿದೆ ಅಂತ ನೋಡೋ ದಾರಿಯೂ ಬಹುಮಟ್ಟಿಗೆ ಮುಚ್ಚುತ್ತೆ.

ಇನ್ನೊಂದು, ಆ ಸಿಮ್ ನಿಮ್ಮ ಫೋನಿಗೆ ಹೋದರೆ ಅವರ ಬ್ಯಾಂಕಿನ ಓಟಿಪಿಗಳು ನಿಮ್ಮ ಫೋನಿಗೆ ಬಂದು ಬೀಳುತ್ವೆ, ನಿಮ್ಮ ಐಎಂಇಐ (ಪ್ರತಿ ಫೋನಿಗೂ ಇರೋ ಗುರುತಿನ ಸಂಖ್ಯೆ) ಜೊತೆ ಅವರ ನಂಬರ್ ಕಂಪನಿಯ ದಾಖಲೆಯಲ್ಲಿ ಕೂರುತ್ತೆ. ನಾಳೆ ಅವರ ಖಾತೆಯಲ್ಲಿ ಏನೋ ಹೆಚ್ಚುಕಮ್ಮಿ ಆದರೆ ವಿವರಣೆ ಕೊಡಬೇಕಾದವರು ನೀವು.

ಚಾರ್ಜ್ ಮೊದಲು ಅಂದಿದ್ದಕ್ಕೂ ಕಾರಣ ಇದೆ. ಫೋನ್ ಒಮ್ಮೆ ಆಫ್ ಆಗಿ ಮತ್ತೆ ಆನ್ ಆದರೆ, ಲಾಕ್ ತೆಗೆಯೋವರೆಗೂ ಒಳಗಿನ ಮಾಹಿತಿ ಗೂಢಲಿಪಿಯಲ್ಲೇ ಇರುತ್ತೆ. ಕರೆ ಬಂದರೆ "ಅಮ್ಮ", "ಮನೆಯವರು" ಅಂತ ಹೆಸರು ಬರಲ್ಲ, ಬರೀ ನಂಬರ್ ಕಾಣುತ್ತೆ. ಸಿಮ್‌ಗೆ ಪಿನ್ ಇಟ್ಟಿದ್ದರೆ ನೆಟ್‌ವರ್ಕೇ ಸಿಗಲ್ಲ. ಹಾಗಾಗಿ ಈಗ ಜೀವ ಇರೋವಾಗಲೇ ಉಳಿಸಿಕೊಳ್ಳಿ.

ಗೋಕುಲ್ ರೋಡ್ | 5:26
ಟೈಪ್-ಸಿ ಐತಿ, ನಿಲ್ದಾಣದ ಕ್ಯಾಂಟೀನಿನ್ಯಾಗ ಚಾರ್ಜಿಗೆ ಹಾಕೇನಿ. ಸೈಲೆಂಟ್ ತೆಗೆಯೋದು ಹ್ಯಾಂಗ?

ರಿಪೇರಿ ಟೇಬಲ್ | 5:28
ವಾಲ್ಯೂಮ್ ಗುಂಡಿ ಒತ್ತಿ. ಪರದೆ ಮೇಲೆ ಬರೋ ಪಟ್ಟಿಯಲ್ಲಿ ಗಂಟೆಯ ಚಿತ್ರ ಇರುತ್ತೆ, ಅದನ್ನ ಮುಟ್ಟಿದರೆ ರಿಂಗ್‌ಗೆ ಬರುತ್ತೆ. ಬಹಳಷ್ಟು ಫೋನ್‌ಗಳಲ್ಲಿ ಇದಕ್ಕೆ ಲಾಕ್ ತೆಗೆಯಬೇಕಿಲ್ಲ. ಜೊತೆಗೆ ಮೇಲಿನ ಸಾಲಲ್ಲಿ ವಿಮಾನದ ಗುರುತು ಇದೆಯಾ ನೋಡಿ. ಜೇಬಲ್ಲಿ ಉಜ್ಜಿ ಏರೋಪ್ಲೇನ್ ಮೋಡ್ ಆನ್ ಆಗಿರೋದು ಅಪರೂಪ ಏನಲ್ಲ.

ಪವರ್ ಗುಂಡಿನ ಪದೇ ಪದೇ ಒತ್ತಬೇಡಿ. ಇಲ್ಲಿನ ಫೋನ್‌ಗಳಲ್ಲಿ ಅದನ್ನ ಬೇಗ ಬೇಗ ಮೂರು ಸಲ, ಕೆಲವದರಲ್ಲಿ ಐದು ಸಲ ಒತ್ತಿದರೆ 112ಕ್ಕೆ ಕರೆ ಹೋಗುತ್ತೆ. ಪ್ಯಾಟರ್ನ್ ಊಹಿಸೋ ಪ್ರಯತ್ನವೂ ಬೇಡ. ತಪ್ಪಿದಷ್ಟೂ ಕಾಯೋ ಸಮಯ ಬೆಳೀತಾ ಹೋಗುತ್ತೆ. ಐಫೋನ್ ಆದರೆ ಇನ್ನೂ ಕೆಟ್ಟದ್ದು, ಮಾಲೀಕರು ಆ ಆಯ್ಕೆ ಇಟ್ಟಿದ್ದರೆ ಹತ್ತು ತಪ್ಪಿಗೆ ಎಲ್ಲಾ ಅಳಿಸಿಹೋಗುತ್ತೆ.

ಅಡಿಕೆ ತೋಟ | 5:31
ಲಾಕ್ ಪರದೆ ಕೆಳಗೆ "ತುರ್ತು ಕರೆ" ಅಂತ ಇರ್ತದಲ್ಲ, ಅದನ್ನು ಒತ್ತಿ. ಮೇಲ್ಗಡೆ "ತುರ್ತು ಮಾಹಿತಿ" ಅಂತ ಬಂದರೆ ಅದನ್ನು ಎರಡು ಸಲ ಮುಟ್ಟಿ. ಮಾಲೀಕರು ತುಂಬಿಟ್ಟಿದ್ದರೆ ಅವರ ಹೆಸರು, ಮನೆಯವರ ನಂಬರು ಅಲ್ಲೇ ಸಿಗ್ತದೆ, ಅಲ್ಲಿಂದಲೇ ಕರೆ ಮಾಡಬಹುದು. ಐಫೋನಿನಲ್ಲಿ ಇದಕ್ಕೆ "ಮೆಡಿಕಲ್ ಐಡಿ" ಅಂತಾರೆ. ಐಫೋನಿನ ಸಿರಿಗೆ ಇಂಗ್ಲಿಷಿನಲ್ಲಿ "ಹೂಸ್ ಐಫೋನ್ ಈಸ್ ದಿಸ್" ಅಂತ ಕೇಳಿದರೂ ಆಯಿತು. ಲಾಕ್ ಪರದೆಯಲ್ಲಿ ಸಿರಿ ಬಿಟ್ಟಿದ್ದರೆ ಮಾಲೀಕರ ಕಾರ್ಡ್ ತೋರಿಸ್ತದೆ.

ಗೋಕುಲ್ ರೋಡ್ | 5:35
ರಿಂಗ್‌ಗೆ ಬಂತು. ತುರ್ತು ಮಾಹಿತಿ ಖಾಲಿ ಐತ್ರಿ. ವಿಮಾನದ ಗುರುತು ಇಲ್ಲ, ಎರಡು ಕಡ್ಡಿ ನೆಟ್‌ವರ್ಕ್ ಐತಿ.

ಕುಡ್ಲ ಕಡಲು | 5:37
ಕವರ್ ತೆಗೆದು ನೋಡಿ ಮಾರಾಯ್ರೆ. ಮೊಬೈಲ್ ಕವರಿನ ಹಿಂದೆ ಜನ ಇಡದ ವಸ್ತು ಇಲ್ಲ. ಡಿಎಲ್, ಕಾಲೇಜು ಐಡಿ, ಮೆಟ್ರೋ ಕಾರ್ಡ್, ಮೆಡಿಕಲ್ ಶಾಪಿನ ಚೀಟಿ.

ಡಿಪೋ ಬಾಗಿಲು | 5:40
ಬಸ್ ನಂಬರ್ ಬರೆದಿಟ್ಟುಕೊಳ್ಳಿ, ಟಿಕೆಟ್ ಎಸೆಯಬೇಡಿ. ಬಸ್ ಯಾವ ಸಂಸ್ಥೆದು ಅನ್ನೋದು ಮುಖ್ಯ. ಕೆಎಸ್‌ಆರ್‌ಟಿಸಿ ದಾವಣಗೆರೆ ವಿಭಾಗದ್ದಾದರೆ ಬಸ್ ರಾತ್ರಿಯೋ ನಾಳೆಯೋ ವಾಪಸ್ ಅಲ್ಲಿಗೇ ಹೋಗುತ್ತೆ, ವಿಚಾರಣೆಯೂ ಅಲ್ಲೇ ಬರುತ್ತೆ. ವಾಯವ್ಯ ಸಾರಿಗೆದಾದರೆ ನಿಮ್ಮ ಹುಬ್ಬಳ್ಳಿ ಕಡೆಯ ಡಿಪೋ. ಕಳೆದುಕೊಂಡವರು ಹಾವೇರಿಯಲ್ಲಿ ಇಳಿದಿದ್ದರೆ ಅಲ್ಲಿನ ನಿಲ್ದಾಣದ ಸಂಚಾರ ನಿಯಂತ್ರಕರ ಹತ್ತಿರ ಓಡಿರ್ತಾರೆ. ಅವರು ಮುಂದಿನ ನಿಲ್ದಾಣಕ್ಕೆ ಫೋನ್ ಮಾಡಿರ್ತಾರೆ. ಅದಕ್ಕೇ ಈಗಲೇ ಹುಬ್ಬಳ್ಳಿ ನಿಲ್ದಾಣದ ಕಂಟ್ರೋಲರ್ ಕೋಣೆಗೆ ಹೋಗಿ, "ಇಂಥಾ ಬಸ್ಸಲ್ಲಿ ಒಂದು ಫೋನ್ ಸಿಕ್ಕಿದೆ" ಅಂತ ಹೇಳಿ ನಿಮ್ಮ ನಂಬರ್ ಬರೆಸಿ. ಯಾವ ಕಂಪನಿ, ಯಾವ ಬಣ್ಣ ಅಂತ ಬಾಯಿ ಬಿಡಬೇಡಿ.

ತುಂಗಾತೀರ | 5:42
ಫೋನನ್ನೇ ಕಂಟ್ರೋಲರ್ ಕೈಗೆ ಕೊಟ್ಟು ಬಂದರೆ ಮುಗೀತಲ್ಲ?

ಡಿಪೋ ಬಾಗಿಲು | 5:45
ಕೊಡಬಹುದು, ನಿಯಮದ ಪ್ರಕಾರ ಅದೇ ಸರಿ. ಆದರೆ ಬರೆಸಿ ಕೊಡಿ. ಬಸ್ ನಂಬರ್, ಸಮಯ, ಸಿಕ್ಕ ಜಾಗ, ಪಡೆದವರ ಸಹಿ ಇರೋ ಒಂದು ಚೀಟಿ ನಿಮ್ಮ ಹತ್ತಿರ ಇರಲಿ. ಪಾಳಿ ಬದಲಾದಾಗ ಫೋನ್ ಡ್ರಾಯರ್‌ನಲ್ಲೇ ಉಳಿದು, ಮುಂದಿನ ಪಾಳಿಯವರಿಗೆ ವಿಷಯ ಗೊತ್ತೇ ಇಲ್ಲದಂತೆ ಆಗುತ್ತೆ. ತೊಡಕು ಹುಟ್ಟೋದು ಅಲ್ಲಿ. ಡ್ರಾಯರ್‌ನಲ್ಲಿ ಚಾರ್ಜ್ ಮುಗಿದ ಫೋನ್ ಯಾರ ಕರೆಗೂ ಓಗೊಡಲ್ಲ.

ಗೋಕುಲ್ ರೋಡ್ | 5:51
ಕವರ್ ತಗದೆ. ಹಿಂದ ಒಂದು ಆಧಾರ್ ಕಾರ್ಡ್ ಐತಿ, ಹೆಣ್ಣುಮಗಳದು. ಹಾವೇರಿ ಜಿಲ್ಲೆಯ ಒಂದು ಹಳ್ಳಿ ವಿಳಾಸ. ಜೊತಿಗೆ ಮಡಚಿದ ಶೂನ್ಯ ಟಿಕೆಟ್, ರಾಣೆಬೆನ್ನೂರಿಂದ ಹಾವೇರಿಗೆ. ಕಾರ್ಡಿನ ಮ್ಯಾಲೆ ಫೋನ್ ನಂಬರ್ ಇಲ್ಲ. ಫೋಟೋ ಇಲ್ಲಿ ಹಾಕ್ಲಿ ಏನು? ಆ ಕಡೆಯವರು ಯಾರರ ಇದ್ರ ಗುರುತು ಹಿಡೀಬಹುದು.

ಕಪ್ಪು ಕೋಟು | 5:52
ಹಾಕಬೇಡಿ! ಹೆಸರೂ ಬರೀಬೇಡಿ, ಊರೂ ಬರೀಬೇಡಿ.

ಅಡಿಕೆ ತೋಟ | 5:54
ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹೆಂಗಸರ ಫೋನ್ ಕವರಿನಲ್ಲಿ ಆಧಾರ್ ಇರೋದು ಮಾಮೂಲಾಗಿದೆ. ಫೋನ್ ಕಳೆದರೆ ಎರಡೂ ಒಟ್ಟಿಗೆ ಹೋಗ್ತವೆ. ಕಾರ್ಡಿನ ಫೋಟೋ ವಾಟ್ಸಾಪ್ ಗುಂಪುಗಳಿಗೂ ಬೇಡ. ಒಮ್ಮೆ ಹೋಯಿತು ಅಂದರೆ ಹಿಂದಕ್ಕೆ ಕರೆಸಲಿಕ್ಕೆ ಆಗೋದಿಲ್ಲ.

ಕಪ್ಪು ಕೋಟು | 6:03
ಕಾನೂನಿನ ಕಡೆಯಿಂದ ಸ್ವಲ್ಪ ಹೇಳ್ತೀನಿ, ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ.

ದಾರಿಯಲ್ಲಿ ಸಿಕ್ಕಿದ ವಸ್ತು ಎತ್ತಿಕೊಳ್ಳೋದು ಅಪರಾಧ ಅಲ್ಲ. ವಾರಸುದಾರರಿಗೆ ಮುಟ್ಟಿಸೋ ಉದ್ದೇಶದಿಂದ ಇಟ್ಟುಕೊಳ್ಳೋದೂ ಅಲ್ಲ. ಯಾರದ್ದು ಅಂತ ಗೊತ್ತಿದ್ದೂ, ಅಥವಾ ಗೊತ್ತು ಮಾಡಿಕೊಳ್ಳೋ ದಾರಿ ಇದ್ದೂ, ಆ ಪ್ರಯತ್ನ ಮಾಡದೆ ತನ್ನದಾಗಿಸಿಕೊಂಡರೆ ಅದು ಅಪ್ರಾಮಾಣಿಕ ದುರುಪಯೋಗ. ಹಿಂದೆ ಐಪಿಸಿ 403 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ. ಶಿಕ್ಷೆ ಕನಿಷ್ಠ ಆರು ತಿಂಗಳಿಂದ ಎರಡು ವರ್ಷದವರೆಗೆ, ಜೊತೆಗೆ ದಂಡ. ಹಳೆಯ ಕಲಮಿನಲ್ಲಿ ಕನಿಷ್ಠ ಶಿಕ್ಷೆ ಅಂತ ಇರಲಿಲ್ಲ, ಈಗ ಇದೆ.

ಇನ್ನು 1872ರ ಕರಾರು ಕಾಯ್ದೆಯ 71ನೇ ಕಲಂ ಪ್ರಕಾರ ಸಿಕ್ಕ ವಸ್ತುವಿಗೆ ನೀವು ನಿಕ್ಷೇಪ ಪಡೆದವರಂತೆ ಹೊಣೆ. ಸರಳವಾಗಿ ಹೇಳಬೇಕಂದ್ರೆ ನಿಮ್ಮ ಸ್ವಂತ ವಸ್ತುವನ್ನ ನೋಡಿಕೊಂಡಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ನೆನೆದು ಹೋಗೋ ಕಡೆ ಇಟ್ಟು ಹಾಳು ಮಾಡಿದರೆ ಪ್ರಶ್ನೆ ನಿಮ್ಮ ಮೇಲೆ ಬರುತ್ತೆ.

ಚಾಮುಂಡಿ ತಪ್ಪಲು | 6:06
ತಂದುಕೊಟ್ಟಿದ್ದಕ್ಕೆ ದುಡ್ಡು ಕೇಳಬಹುದಾ ಸಾರ್? ಪೆಟ್ರೋಲ್ ಖರ್ಚಾದರೂ?

ಕಪ್ಪು ಕೋಟು | 6:10
ಅದೇ ಕಾಯ್ದೆಯ 168 ನೋಡಿ. ಸ್ವಂತ ಇಚ್ಛೆಯಿಂದ ಪಟ್ಟ ಶ್ರಮಕ್ಕೆ, ಖರ್ಚಿಗೆ ಹಣ ಕೊಡಿಸಿ ಅಂತ ದಾವೆ ಹೂಡೋ ಹಕ್ಕಿಲ್ಲ. ಆದರೆ ಆ ಖರ್ಚು ಕೊಡೋವರೆಗೆ ವಸ್ತುವನ್ನ ತಡೆಹಿಡಿಯೋ ಹಕ್ಕಿದೆ. ಮಾಲೀಕರು ಇಂತಿಷ್ಟು ಬಹುಮಾನ ಅಂತ ಮೊದಲೇ ಘೋಷಿಸಿದ್ದರೆ ಮಾತ್ರ ಅದಕ್ಕಾಗಿ ದಾವೆ ಹೂಡಬಹುದು. ನೂರಿನ್ನೂರು ರೂಪಾಯಿ ಬಸ್ ಚಾರ್ಜಿಗಾಗಿ ಈ ಹಕ್ಕು ಹಿಡಿದುಕೊಂಡು ನಿಲ್ಲೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. "ಐದು ಸಾವಿರ ಹಾಕು, ಆಮೇಲೆ ಫೋನ್" ಅಂತ ಹೆದರಿಸಿದರೆ ಅದು ಖರ್ಚು ಕೇಳಿದಂತಲ್ಲ, ಸುಲಿಗೆಯ ದಾರಿ ಹಿಡಿಯುತ್ತೆ.

ತುಂಗಾತೀರ | 6:11
ಸಿಮ್ ಬೇಡ ಸರಿ. ಮೆಮೊರಿ ಕಾರ್ಡ್ ತೆಗೆದು ಫೋಟೋ ನೋಡಿದರೆ ಯಾರು ಅಂತ ಗೊತ್ತಾಗುತ್ತಲ್ಲ?

ಕುಡ್ಲ ಕಡಲು | 6:12
ಆಧಾರ್ ಕಾರ್ಡೇ ಕೈಯಲ್ಲಿದೆ, ಇನ್ನು ಫೋಟೋ ಯಾಕೆ? ಅಲ್ಲಿ ಅವರ ಮನೆ ಮಕ್ಕಳ ಚಿತ್ರ ಇರ್ತದೆ, ಖಾಸಗಿ ಏನೇನೋ ಇರ್ತದೆ. ಹೊರಗಿನಿಂದ ಕಾಣುವಷ್ಟೇ ನೋಡಿ. ಒಳಗೆ ಕೈ ಹಾಕಬೇಡಿ.

ಠಾಣೆ ಟೇಬಲ್ | 6:18
ಗೋಕುಲ್ ರೋಡ್ ಅವರೇ, ನಿಮ್ಮ ಮುಂದೆ ಎರಡು ದಾರಿ ಇದೆ.

ಒಂದು, ಕರೆಗಾಗಿ ಕಾಯೋದು. ಇಳಿದ ಮೇಲೆ ಮೊದಲ ಕೆಲವು ಗಂಟೆಗಳಲ್ಲಿ ಕರೆ ಬರೋ ಸಾಧ್ಯತೆ ಹೆಚ್ಚು. ಇವತ್ತು ರಾತ್ರಿ ಫೋನ್ ಆನ್ ಇರಲಿ. ತುಂಬಾ ದಿನ ಎಳೆಯಬೇಡಿ. ಈಗಿನ ಐಫೋನ್‌ಗಳು ಸತತ ಮೂರು ದಿನ ಲಾಕ್ ಆಗೇ ಇದ್ದರೆ ತಾವಾಗೇ ರೀಸ್ಟಾರ್ಟ್ ಆಗುತ್ವೆ, 2025ರಿಂದ ಆಂಡ್ರಾಯ್ಡ್‌ಗೂ ಆ ವ್ಯವಸ್ಥೆ ಬಂದಿದೆ. ಆಮೇಲೆ ಮೇಲೆ ರಿಪೇರಿ ಟೇಬಲ್ ಹೇಳಿದ ಹಾಗೆ ಕರೆ ಮಾಡಿದವರ ಹೆಸರು ಕಾಣಲ್ಲ.

ಎರಡು, ಬೆಳಗ್ಗೆವರೆಗೂ ಕರೆ ಬರದಿದ್ದರೆ ಹತ್ತಿರದ ಠಾಣೆ. ಫೋನ್, ಕಾರ್ಡ್ ಎರಡೂ ಕೊಡಿ. ಒಂದು ಬಿಳಿ ಹಾಳೆಯಲ್ಲಿ ಸಿಕ್ಕ ದಿನ, ಸಮಯ, ಬಸ್ ನಂಬರ್, ಫೋನಿನ ಕಂಪನಿ, ಗೊತ್ತಾದರೆ ಐಎಂಇಐ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಬರೆದು ಎರಡು ಪ್ರತಿ ಮಾಡಿ. ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಿಳಾಸ ಇರೋದ್ರಿಂದ ಆ ಊರು ಯಾವ ಠಾಣೆ ವ್ಯಾಪ್ತಿಗೆ ಬರುತ್ತೋ ಅಲ್ಲಿಗೆ ಒಂದು ಕರೆ ಹೋದರೆ ಬೀಟ್ ಸಿಬ್ಬಂದಿ ಮನೆಗೇ ಹೇಳ್ತಾರೆ.

ಐಎಂಇಐ ಬೇಕಿದ್ದರೆ ತುರ್ತು ಕರೆಯ ಕೀಲಿಯಲ್ಲಿ *#06# ಒತ್ತಿ ನೋಡಿ. ಎಷ್ಟೋ ಆಂಡ್ರಾಯ್ಡ್‌ಗಳಲ್ಲಿ ಲಾಕ್ ಇದ್ದರೂ ತೋರಿಸುತ್ತೆ. 15 ಅಂಕಿ, ಎರಡು ಸಿಮ್ ಇದ್ದರೆ ಎರಡು ಸಂಖ್ಯೆ.

ರಿಪೇರಿ ಟೇಬಲ್ | 6:20
ಸಿಕ್ಕ ಐಎಂಇಐನ ಎಲ್ಲೂ ಪೋಸ್ಟ್ ಮಾಡಬೇಡಿ. ಅದನ್ನ ಓದಿದವನು "ನನ್ನದೇ ಫೋನು, ನೋಡಿ ಐಎಂಇಐ ಹೇಳ್ತೀನಿ" ಅಂತ ಬರ್ತಾನೆ.

ಗೋಕುಲ್ ರೋಡ್ | 6:41
ಕರೆ ಬಂತು! ಎತ್ತಿದೆ. ಸಾಲದ ಕಂತಿನವರು. "ಮೇಡಂ ಎಲ್ಲಿ, ನೀವು ಯಾರು" ಅಂತ ಜೋರು ಮಾಡಿದ್ರು. ಏನು ಹೇಳಬೇಕಿತ್ತು?

ಅಡಿಕೆ ತೋಟ | 6:44
ಏನೂ ಹೇಳಬೇಕಾಗಿಲ್ಲ. "ಅವರು ಈಗ ಇಲ್ಲ, ಆಮೇಲೆ ಮಾಡಿ" ಅಂದರೆ ಸಾಕು. ಫೋನ್ ಕಳೆದಿದೆ ಅಂತ ಎಲ್ಲರಿಗೂ ಸಾರುವುದು ಬೇಡ. ಪರದೆ ಮೇಲೆ ಮನೆಯವರ ಥರದ ಹೆಸರು ಬಂದರೆ ಮಾತ್ರ ವಿವರ ಹೇಳಿ: "ಈ ಫೋನಿನವರು ನಿಮಗೆ ಏನಾಗಬೇಕು? ಅವರಿಗೆ ಈ ನಂಬರಿಗೇ ಕರೆ ಮಾಡಲಿಕ್ಕೆ ಹೇಳಿ."

ಕುಡ್ಲ ಕಡಲು | 6:46
ಪಾರ್ಸೆಲ್ ಕೊಡುವ ಹುಡುಗರ ಕರೆ ಬಂದರೆ ಮಾತ್ರ ಬಿಡಬೇಡಿ. ಅವರಿಗೆ ಮನೆ ಬಾಗಿಲೇ ಗೊತ್ತಿರ್ತದೆ. "ಮನೆಯಲ್ಲಿ ಹೀಗೆ ಹೇಳಿ" ಅಂದರೆ ಕೆಲಸ ಆಯಿತು.

ಚಾಮುಂಡಿ ತಪ್ಪಲು | 6:50
ಕೀಪ್ಯಾಡ್ ಫೋನ್ ಸಿಕ್ಕರೆ ಇಷ್ಟೆಲ್ಲ ಇಲ್ಲ ಅಲ್ವಾ? ಹಸಿರು ಗುಂಡಿ ಒತ್ತಿದರೆ ಕೊನೆಯ ಕರೆಗಳ ಪಟ್ಟಿ ಬರುತ್ತೆ.

ರಿಪೇರಿ ಟೇಬಲ್ | 6:53
ಹೌದು, ಆದರೆ ಅದರಲ್ಲೂ ಒಂದು ತೊಡಕಿದೆ. ವಯಸ್ಸಾದವರ ಫೋನಿಗೆ ರೀಚಾರ್ಜ್ ಮುಗಿದಿರುತ್ತೆ, ಒಳಬರೋ ಕರೆ ಮಾತ್ರ ಇರುತ್ತೆ. ಹೊರಗೆ ಕರೆ ಹೋಗಲಿಲ್ಲ ಅಂತ ಕೈಬಿಡಬೇಡಿ. "ಮಗ", "ಅಳಿಯ", "ಮನಿ" ಅಂತ ಇರೋ ನಂಬರ್ ಬರೆದುಕೊಂಡು ನಿಮ್ಮ ಫೋನಿಂದ ಮಾಡಿ. 2 ಅಥವಾ 3ನ್ನ ಒತ್ತಿ ಹಿಡಿದರೆ ಸ್ಪೀಡ್ ಡಯಲ್ ಇಟ್ಟಿರೋ ಸಾಧ್ಯತೆಯೂ ಇದೆ, ಮಕ್ಕಳು ಹಿರಿಯರಿಗೆ ಅದನ್ನ ಮಾಡಿಕೊಟ್ಟಿರ್ತಾರೆ.

ತುಂಗಾತೀರ | 6:58
ರೈಲಲ್ಲಿ, ವಿಮಾನದಲ್ಲಿ ಸಿಕ್ಕರೂ ಪೊಲೀಸ್ ಠಾಣೆಗೇನಾ?

ಠಾಣೆ ಟೇಬಲ್ | 7:04
ರೈಲಾದರೆ ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಅಥವಾ ಟಿಟಿಇ ಕೈಗೆ. ರೈಲಿನ ಸಂಖ್ಯೆ, ಬೋಗಿ, ಬರ್ತ್ ನಂಬರ್ ತಪ್ಪದೆ ಹೇಳಿ. ಬರ್ತ್ ನಂಬರಿಂದ ಟಿಕೆಟ್ ಮಾಡಿದವರ ಹೆಸರು, ಮೊಬೈಲ್ ತೆಗೆಯಬಹುದು, ಅದಕ್ಕಿಂತ ಸುಲಭದ ಸುಳಿವು ಇನ್ನೊಂದಿಲ್ಲ. ಕಳೆದುಕೊಂಡವರು ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಬೇಕು. ವಿಮಾನ ನಿಲ್ದಾಣದಲ್ಲಿ ತಪಾಸಣೆ ಟ್ರೇನಲ್ಲಿ ಬಿಟ್ಟಿದ್ದು ಸಿಐಎಸ್‌ಎಫ್ ಹತ್ತಿರ ಹೋಗುತ್ತೆ, ವಿಮಾನದ ಒಳಗೆ ಬಿಟ್ಟಿದ್ದು ಆ ವಿಮಾನ ಸಂಸ್ಥೆ ಹತ್ತಿರ. ಮೆಟ್ರೋ ಆದರೆ ಸ್ಟೇಷನ್ ಕಂಟ್ರೋಲರ್.

ಗೋಕುಲ್ ರೋಡ್ | 7:32
"ತಮ್ಮ" ಅಂತ ಹೆಸರು ಬಂತ್ರಿ. ಮಾತಾಡಿದೆ. ಅಕ್ಕ ಹಾವೇರಿಯೊಳಗ ಇಳಿಯೂವಾಗ ಬಿಟ್ಟಾಳಂತ, ಬಾಜೂಕ ಕುಂತಾಳ ಅಂದ. ನಾಳೆ ಮುಂಜಾನೆ ತಾನ ಹುಬ್ಬಳ್ಳಿಗೆ ಬರ್ತೀನಿ ಅಂದ. ಅಕ್ಕ ಬರಂಗಿಲ್ಲಂತ, ಕೂಸು ಸಣ್ಣದೈತಂತ. ಕೊಡ್ಲಿ ಏನು? ಪಕ್ಕಾ ಮಾಡ್ಕೊಳ್ಳೂದು ಹ್ಯಾಂಗ?

ಕಪ್ಪು ಕೋಟು | 7:35
ಅಕ್ಕನ ಕೈಗೇ ಫೋನ್ ಕೊಡೋಕೆ ಹೇಳಿ. ಕಾರ್ಡ್ ಮೇಲಿನ ಪೂರ್ತಿ ಹೆಸರು, ಹುಟ್ಟಿದ ವರ್ಷ, ವಿಳಾಸ ಅವರ ಬಾಯಿಂದಲೇ ಬರಲಿ. ನೀವು ಮೊದಲು ಹೇಳಿ "ಹೌದಲ್ಲ?" ಅಂತ ಕೇಳಬೇಡಿ. ಕವರಿನ ಬಣ್ಣ ಏನು, ಗಾಜು ಎಲ್ಲಾದರೂ ಒಡೆದಿದೆಯಾ, ಲಾಕ್ ಪರದೆಯಲ್ಲಿ ಯಾವ ಚಿತ್ರ ಇದೆ, ಕವರಿನ ಹಿಂದೆ ಏನಿತ್ತು, ಇಷ್ಟು ಕೇಳಿ. ಟಿಕೆಟ್ ಎಲ್ಲಿಂದ ಎಲ್ಲಿಗೆ ಅಂತಾನೂ.

ರಿಪೇರಿ ಟೇಬಲ್ | 7:39
ತಮ್ಮ ಬಂದಾಗ ನಿಮ್ಮ ಕಣ್ಣೆದುರೇ ಪ್ಯಾಟರ್ನ್ ಹಾಕಿ ತೆಗೀಲಿ. ಅವರಿಗೆ ಗೊತ್ತಿಲ್ಲದಿದ್ದರೆ ಅಕ್ಕನಿಗೆ ಕರೆ ಮಾಡಿ ಕೇಳಲಿ, ನೀವು ಮಾತ್ರ ಪ್ಯಾಟರ್ನ್ ಕೇಳಬೇಡಿ, ಆ ಹೊತ್ತು ಬೇರೆ ಕಡೆ ನೋಡಿ. ತೆರೆದ ಮೇಲೆ *#06# ಒತ್ತಿ, ಬಾಕ್ಸ್ ಅಥವಾ ಬಿಲ್ಲಿನ ಮೇಲಿನ ಐಎಂಇಐಗೆ ಹೋಲಿಸಿ. ಬಾಕ್ಸ್ ತರೋಕೆ ಈಗಲೇ ಹೇಳಿ.

ಜನ ಓಡಾಡೋ ಜಾಗದಲ್ಲಿ, ಹಗಲಲ್ಲಿ ಕೊಡಿ. ಕಂಟ್ರೋಲರ್ ಕೋಣೆ ಎದುರು ಆದರೆ ಇನ್ನೂ ಒಳ್ಳೇದು. "ಫೋನ್ ಮತ್ತು ಆಧಾರ್ ಕಾರ್ಡ್ ಮುಟ್ಟಿದೆ" ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸಿ.

ಚಾಮುಂಡಿ ತಪ್ಪಲು | 7:42
ಬರೋದ್ಯಾಕೆ, ಸಾರಿಗೆ ಬಸ್ಸಿನ ಪಾರ್ಸೆಲ್ ಸೇವೆ "ನಮ್ಮ ಕಾರ್ಗೋ"ನಲ್ಲೋ ಕೊರಿಯರ್‌ನಲ್ಲೋ ಕಳಿಸಿದರಾಯ್ತು.

ಡಿಪೋ ಬಾಗಿಲು | 7:47
ಹುಬ್ಬಳ್ಳಿ ಹಾವೇರಿಗೆ ಅದು ಬೇಡ, ಒಂದೂವರೆ ಎರಡು ಗಂಟೆ ದಾರಿ. ಬೀದರಿಗೋ ಕೊಡಗಿಗೋ ಆದರೆ ಕಳಿಸಬಹುದು. ಆಗ ಫೋನ್ ಆಫ್ ಮಾಡಿ, ಪವರ್ ಗುಂಡಿ ಒತ್ತಿಹೋಗದ ಹಾಗೆ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಗಟ್ಟಿ ಡಬ್ಬಿಗೆ ಹಾಕಿ. ಒಳಗೆ ಬ್ಯಾಟರಿ ಇರೋ ಫೋನ್ ಅಂತ ಬುಕಿಂಗ್‌ನಲ್ಲೇ ಹೇಳಿ, ಮುಚ್ಚಿಟ್ಟು ಕಳಿಸಿದರೆ ದಾರಿಯಲ್ಲಿ ತಡೆಹಿಡೀತಾರೆ. ಆಧಾರ್ ಬೇರೆ ಲಕೋಟೆಯಲ್ಲಿ ಹೋಗಲಿ. ಮಾಲೀಕರು ಒಪ್ಪಿಗೆಯನ್ನ ಮೆಸೇಜಿನಲ್ಲಿ ಬರೆದು ಕಳಿಸಿದ ಮೇಲೆ ಮಾತ್ರ.

ಠಾಣೆ ಟೇಬಲ್ | 7:55
ಇನ್ನೊಂದು ಮಾತು ಆ ತಮ್ಮನಿಗೆ ಹೇಳಿ. "ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬಂದರೆ ಒತ್ತಬಾರದು. ಕದ್ದ ಫೋನಿನ ಪಾಸ್‌ವರ್ಡ್ ಕೀಳೋಕೆ ನಕಲಿ ಪುಟ ಮಾಡಿ ಹಾಗೆ ಕಳಿಸ್ತಾರೆ, ಐಫೋನಿನವರಿಗೆ ಜಾಸ್ತಿ. ಫೋನ್ ನಿಜವಾಗಿ ಸಿಕ್ಕವರಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ, ಮುಂಗಡ ಯುಪಿಐ ಹಣವೂ ಬೇಡ. ಯಾರಾದರೂ ದುಡ್ಡು ಕಟ್ಟಿಸಿಕೊಂಡಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.

ಗೋಕುಲ್ ರೋಡ್ | 8:10
ಅಕ್ಕನ ಜೋಡಿ ಮಾತಾಡಿದೆ. ಹುಟ್ಟಿದ ವರ್ಷ, ಕವರಿನ ಮೂಲ್ಯಾಗಿನ ಬಿರುಕು, ಟಿಕೆಟ್, ಎಲ್ಲಾ ಸರಿ ಹೇಳಿದ್ರು. ಬಾಕ್ಸ್ ತಮ್ಮನ ಕೈಯಾಗ ಕಳಸ್ತಾರಂತ. ಆದ್ರ ಒಂದು ಹೊಸಾದು: ಸಂಜಿಮುಂದ ತಮ್ಮ ಪೊಲೀಸರ ಆನ್‌ಲೈನ್ ಇ-ಲಾಸ್ಟ್‌ನ್ಯಾಗ ದೂರು ಕೊಟ್ಟು, ಪೋರ್ಟಲ್‌ನ್ಯಾಗ ಫೋನ್ ಬ್ಲಾಕ್ ಮಾಡಾಕ ಅರ್ಜಿನೂ ಹಾಕಿಬಿಟ್ಟಾನಂತ. ಈಗ ಏನು ಮಾಡ್ಬೇಕು?

ಠಾಣೆ ಟೇಬಲ್ | 8:22
ಗಾಬರಿ ಬೇಡ, ಆದರೆ ಬಿಡೋ ಹಾಗೂ ಇಲ್ಲ. ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಕಳೆದ ಫೋನ್ ಬ್ಲಾಕ್ ಮಾಡೋ ಸಿಇಐಆರ್ ವಿಭಾಗಕ್ಕೆ ಅರ್ಜಿ ಹೋದರೆ ಸುಮಾರು 24 ಗಂಟೆಯೊಳಗೆ ಆ ಐಎಂಇಐ ಭಾರತದ ಎಲ್ಲಾ ಕಂಪನಿಗಳ ನೆಟ್‌ವರ್ಕ್‌ನಲ್ಲೂ ನಿಲ್ಲುತ್ತೆ. ಸಿಮ್ ಬದಲಾಯಿಸಿದರೂ ಸಿಗ್ನಲ್ ಬರಲ್ಲ. ಹಾಗಾಗಿ ನಾಳೆ ಬೆಳಗ್ಗೆ ಫೋನ್ ಸುಮ್ಮನಾದರೆ ನಿಮ್ಮ ತಪ್ಪಲ್ಲ, ನಿಮ್ಮ ಸ್ವಂತ ನಂಬರನ್ನ ಅವರಿಗೆ ಈಗಲೇ ಕೊಡಿ.

ಫೋನ್ ಕೈಗೆ ಬಂದ ಮೇಲೆ ಅದೇ ಪೋರ್ಟಲ್‌ನಲ್ಲಿ "ಸಿಕ್ಕ ಮೊಬೈಲ್ ಅನ್‌ಬ್ಲಾಕ್" ಆಯ್ಕೆಗೆ ಹೋಗಿ, ಬ್ಲಾಕ್ ಮಾಡುವಾಗ ಬಂದ ರಿಕ್ವೆಸ್ಟ್ ಐಡಿ ಮತ್ತು ಆವತ್ತು ಕೊಟ್ಟ ಮೊಬೈಲ್ ನಂಬರ್ ಹಾಕಬೇಕು, ಕಾರಣ ಆರಿಸಿ ಓಟಿಪಿ ಕೊಡಬೇಕು. ಎಷ್ಟೋ ಜನ ಎಡವೋದು ಇಲ್ಲೇ. ಫೋನ್ ಸಿಕ್ಕ ಖುಷಿಯಲ್ಲಿ ಅನ್‌ಬ್ಲಾಕ್ ಮರೆತು, ನೆಟ್‌ವರ್ಕ್ ಬರ್ತಿಲ್ಲ ಅಂತ ರಿಪೇರಿ ಅಂಗಡಿಗೆ ಒಯ್ಯುತ್ತಾರೆ.

ರಿಪೇರಿ ಟೇಬಲ್ | 8:25
ನಿಜ. ಅಲ್ಲಿ ಯಾರಾದರೂ "ಐಎಂಇಐ ಬದಲಾಯಿಸಿ ಕೊಡ್ತೀನಿ" ಅಂದರೆ ಎದ್ದು ಬನ್ನಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಅಡಿಕೆ ತೋಟ | 8:28
ಡೂಪ್ಲಿಕೇಟ್ ಸಿಮ್ ತಗೊಂಡಿದ್ದಾರಾ ಕೇಳಿ. ತಗೊಂಡಿದ್ದರೆ ಹಳೇ ಸಿಮ್ ಈಗಾಗಲೇ ಸತ್ತಿರ್ತದೆ, ಹೊಸದಕ್ಕೆ ಮೊದಲ 24 ಗಂಟೆ ಎಸ್‌ಎಂಎಸ್ ಬರೋದಿಲ್ಲ. ಅಕ್ಕನ ನಂಬರಿಗೇ ಓಟಿಪಿ ಬರುವ ಹಾಗಿದ್ದರೆ ಅನ್‌ಬ್ಲಾಕ್ ಮಾಡಲಿಕ್ಕೆ ನಾಡಿದ್ದಿನವರೆಗೆ ಕಾಯಬೇಕಾಗ್ತದೆ.

ಗೋಕುಲ್ ರೋಡ್ | 8:33
ಸಿಮ್ ತಗೊಂಡಿಲ್ಲಂತ. ಓಟಿಪಿಗೆ ತಮ್ಮನ ನಂಬರ್ ಕೊಟ್ಟಾನ, ರಿಕ್ವೆಸ್ಟ್ ಐಡಿ ಸ್ಕ್ರೀನ್‌ಶಾಟ್ ಐತಂತ. ನನ್ನ ನಂಬರ್ ಕೊಟ್ಟೆ. ಮುಂಜಾನೆ ಒಂಬತ್ತೂವರಿಗೆ ಕಂಟ್ರೋಲರ್ ಕೋಣೆ ಮುಂದ ಅಂತ ಮಾತಾಗೈತಿ.

ಠಾಣೆ ಟೇಬಲ್ | 8:36
ಇ-ಲಾಸ್ಟ್ ದೂರಿನ ಪ್ರತಿಯನ್ನೂ ತರೋಕೆ ಹೇಳಿ. ಅದರಲ್ಲಿ ಆಧಾರ್ ಕಳೆದಿದೆ ಅಂತಾನೂ ಬರೆದಿದ್ದರೆ, ಎರಡೂ ಸಿಕ್ಕಿದೆ ಅಂತ ಹಾವೇರಿ ಠಾಣೆಗೆ ತಿಳಿಸಲಿ.

ಗೋಕುಲ್ ರೋಡ್ | ಮರುದಿನ, ಬೆಳಗ್ಗೆ 9:58
ಕೊಟ್ಟೆ. ಪ್ಯಾಟರ್ನ್ ಒಂದ ಸಲಕ್ಕ ತೆಗೀತು, ಎರಡೂ ಐಎಂಇಐ ಬಾಕ್ಸಿಗೆ ಕೂಡಿದ್ವು. ಕಾರ್ಡೂ ಕೊಟ್ಟು ಸಹಿ ತಗೊಂಡೆ. ನೆಟ್‌ವರ್ಕ್ ಆಗಲೇ ಹೋಗೈತಿ, ತಮ್ಮ ಅಲ್ಲೇ ಬೆಂಚಿನ ಮ್ಯಾಲೆ ಕುಂತು ಅನ್‌ಬ್ಲಾಕ್ ಅರ್ಜಿ ಹಾಕಾಕತ್ತಾನ. ಕಾರಣದ ಪಟ್ಟಿಯೊಳಗ ಯಾವುದು ಒತ್ಬೇಕಂತ?

ಠಾಣೆ ಟೇಬಲ್ | 10:01
ಫೋನ್ ತಾನೇ ಸಿಕ್ಕಿದೆ ಅನ್ನೋ ಅರ್ಥದ್ದು. ಪೊಲೀಸರು ಪತ್ತೆ ಮಾಡಿದ್ದು ಅನ್ನೋದಲ್ಲ. ಅರ್ಜಿ ಹೋದ ಮೇಲೆ ಸ್ಥಿತಿ ನೋಡೋಕೆ ಅದೇ ರಿಕ್ವೆಸ್ಟ್ ಐಡಿ ಬೇಕು, ಸ್ಕ್ರೀನ್‌ಶಾಟ್ ಈಗಲೇ ಅಳಿಸಬೇಡ ಅಂತ ಹೇಳಿ.